‘ಹುಡುಕಿದೆವು, ಸಿಗಲಿಲ್ಲ’ ಎನ್ನುವ ಫಾರ್ವರ್ಡ್: ಕಂಪ್ಯೂಟರ್ ನಿಜವಾಗಿ ಹುಡುಕಿದ್ದು ಏನನ್ನು?

“ಇಡೀ ಪಟ್ಟಿಯನ್ನು ಕಂಪ್ಯೂಟರಿಗೆ ಹಾಕಿ ಹುಡುಕಿಸಿದ್ದೇವೆ. ಒಂದೂ ಸಿಗಲಿಲ್ಲ. ಎಲ್ಲರಿಗೂ ತಿಳಿಸಿ.” ಇಂಥ ಧಾಟಿಯ ಸಂದೇಶ ನಿಮ್ಮ ಗುಂಪಿಗೂ ಬಂದಿರಬಹುದು. ಪಟ್ಟಿ ಮತದಾರರದ್ದಿರಬಹುದು, ಪರೀಕ್ಷೆಯ ಫಲಿತಾಂಶದ್ದಿರಬಹುದು, ಗುಣಮಟ್ಟವಿಲ್ಲದ ಔಷಧಗಳದ್ದಿರಬಹುದು. ಜೊತೆಗೆ ಕಪ್ಪು ಪರದೆಯ ಒಂದು ಸ್ಕ್ರೀನ್‌ಶಾಟ್, ಅದರಲ್ಲಿ ದೊಡ್ಡದೊಂದು ಸೊನ್ನೆ. ಮನುಷ್ಯ ಕಣ್ತಪ್ಪಿ ಬಿಡಬಹುದು, ಯಂತ್ರ ಬಿಡುವುದಿಲ್ಲ ಎಂಬ ನಂಬಿಕೆಯಿಂದ ನಾವು ಅದನ್ನು ಮುಂದಕ್ಕೆ ಕಳಿಸುತ್ತೇವೆ.

ಯಂತ್ರ ಬಿಡುವುದಿಲ್ಲ ಎನ್ನುವುದು ನಿಜವೇ. ಆದರೆ ಅದು ಹುಡುಕುವುದು ನಮ್ಮ ಮನಸ್ಸಿನಲ್ಲಿ ಇದ್ದುದನ್ನಲ್ಲ, ನಾವು ಬರೆದುಕೊಟ್ಟಿದ್ದನ್ನು. ಈ ಎರಡರ ನಡುವೆ ಒಂದು ಸಣ್ಣ ತಪ್ಪು ಅಡಗಿ ಕೂರುತ್ತದೆ. ಅದಾದಾಗ ಕಂಪ್ಯೂಟರ್ ಯಾವ ಎಚ್ಚರಿಕೆಯನ್ನೂ ಕೊಡದೆ ಸೊನ್ನೆ ತೋರಿಸಿ ಸುಮ್ಮನಾಗುತ್ತದೆ. ಆ ತಪ್ಪು ಏನು, ಅದನ್ನು ಹಿಡಿಯುವುದು ಹೇಗೆ ಎಂಬುದನ್ನು ಈ ಬರಹದಲ್ಲಿ ನೋಡೋಣ.

ಪ್ಯಾಟರ್ನ್ ಎಂದರೇನು?

ಪಠ್ಯದಲ್ಲಿ ಏನನ್ನು ಹುಡುಕಬೇಕು ಎಂದು ಯಂತ್ರಕ್ಕೆ ಹೇಳುವ ಚಿಕ್ಕ ಬರಹವೇ ಪ್ಯಾಟರ್ನ್. ಇದರಲ್ಲಿ ಸಾಮಾನ್ಯ ಅಕ್ಷರಗಳ ಜೊತೆಗೆ ವಿಶೇಷ ಅರ್ಥದ ಚಿಹ್ನೆಗಳೂ ಇರುತ್ತವೆ. ಚುಕ್ಕೆ ಎಂದರೆ ‘ಇಲ್ಲಿ ಯಾವುದಾದರೂ ಒಂದು ಅಕ್ಷರ’, ^ ಎಂದರೆ ‘ಸಾಲಿನ ಆರಂಭ’, $ ಎಂದರೆ ‘ಸಾಲಿನ ಕೊನೆ’.

ಈ ವಿದ್ಯೆ ಹೊಸದಲ್ಲ. ಇದರ ಗಣಿತವನ್ನು ಅಮೆರಿಕದ ಗಣಿತಜ್ಞ ಸ್ಟೀಫನ್ ಕ್ಲೀನ್ 1950ರ ದಶಕದಲ್ಲಿ ರೂಪಿಸಿದರು. ಬೆಲ್ ಲ್ಯಾಬ್ಸ್‌ನಲ್ಲಿ ಕೆನ್ ಥಾಂಪ್ಸನ್ 1973ರಲ್ಲಿ ‘ಗ್ರೆಪ್’ ಎಂಬ ಹುಡುಕುವ ಸಾಧನವನ್ನು ಬರೆದರು. 1977ರಲ್ಲಿ ಅಲ್ಲಿಯೇ ‘ಆಕ್’ ಹುಟ್ಟಿತು. ಅದನ್ನು ಕಟ್ಟಿದ ಆಹೋ, ವೈನ್‌ಬರ್ಗರ್, ಕೆರ್ನಿಘನ್ ಎಂಬ ಮೂವರ ಹೆಸರಿನ ಮೊದಲ ಅಕ್ಷರಗಳೇ ಆ ಹೆಸರಾದವು. ಸಾಲುಸಾಲಾಗಿರುವ ಪಟ್ಟಿಯನ್ನು ಜಾಲಾಡಲು ಇವತ್ತಿಗೂ ಇವೇ ಬಳಕೆಯಲ್ಲಿವೆ. ಟರ್ಮಕ್ಸ್‌ನಂಥ ಆ್ಯಪ್ ಹಾಕಿಕೊಂಡರೆ ಆಂಡ್ರಾಯ್ಡ್ ಫೋನಿನಲ್ಲೂ ಓಡುತ್ತವೆ.

ವೇರಿಯಬಲ್ ಎಂದರೇನು?

ನಮ್ಮ ಮನೆಗಳ ಡಬ್ಬಿಗಳನ್ನು ನೆನಪಿಸಿಕೊಳ್ಳಿ. ಮೇಲೆ ಬಿಸ್ಕತ್ತಿನ ಚಿತ್ರ, ಒಳಗೆ ಸೂಜಿ ದಾರ. ವೇರಿಯಬಲ್ ಕೂಡ ಒಂದು ಡಬ್ಬಿ. ಮೇಲೊಂದು ಹೆಸರು, ಒಳಗೊಂದು ಮೌಲ್ಯ. ‘ಬ್ಯಾಚ್’ ಎಂಬ ಡಬ್ಬಿಯೊಳಗೆ ಇವತ್ತು ಒಂದು ಸಂಖ್ಯೆ ಇಡಬಹುದು, ನಾಳೆ ಇನ್ನೊಂದು. ನೂರು ಸಂಖ್ಯೆಗಳನ್ನು ಹುಡುಕಬೇಕಾದಾಗ ನೂರು ಸಲ ಸ್ಕ್ರಿಪ್ಟ್ ಬರೆಯುವ ಬದಲು, ಡಬ್ಬಿಯೊಳಗಿನದನ್ನು ಬದಲಿಸುತ್ತಾ ಒಂದೇ ಸ್ಕ್ರಿಪ್ಟನ್ನು ಓಡಿಸಬಹುದು.

ತೊಂದರೆ ಶುರುವಾಗುವುದು ಇಲ್ಲೇ. ಯಂತ್ರ ಡಬ್ಬಿಯ ಮೇಲಿನ ಹೆಸರನ್ನು ಹುಡುಕುತ್ತದೆಯೋ, ಒಳಗಿನ ಮೌಲ್ಯವನ್ನು ಹುಡುಕುತ್ತದೆಯೋ?

ಒಂದು ಉದಾಹರಣೆ: ಔಷಧದ ಬ್ಯಾಚ್ ಸಂಖ್ಯೆ

ಕೇಂದ್ರ ಔಷಧ ಗುಣಮಟ್ಟ ನಿಯಂತ್ರಣ ಸಂಸ್ಥೆ (ಸಿಡಿಎಸ್‌ಸಿಒ) ಪರೀಕ್ಷೆಯಲ್ಲಿ ಗುಣಮಟ್ಟವಿಲ್ಲ ಎಂದು ಕಂಡ ಔಷಧಗಳ ಪಟ್ಟಿಯನ್ನು ಪ್ರತಿ ತಿಂಗಳು ಪ್ರಕಟಿಸುತ್ತದೆ. ಅದರಲ್ಲಿ ಔಷಧದ ಹೆಸರಿನ ಜೊತೆ ಬ್ಯಾಚ್ ಸಂಖ್ಯೆಯೂ ಇರುತ್ತದೆ. ಒಂದು ಬ್ಯಾಚ್ ಪಟ್ಟಿಗೆ ಬಂದರೆ ದೋಷ ಇರುವುದು ಆ ಬ್ಯಾಚಿನಲ್ಲಿ. ಆ ಹೆಸರಿನ ಮಾತ್ರೆಯನ್ನೇ ಸರ್ಕಾರ ನಿಷೇಧಿಸಿತು ಎಂದು ಅರ್ಥವಲ್ಲ. ಹಾಗಾಗಿ ಇಲ್ಲಿ ಸರಿಯಾದ ಬ್ಯಾಚ್ ಸಂಖ್ಯೆ ಸಿಗುವುದೇ ಮುಖ್ಯ.

ಯಾರೋ ಒಬ್ಬರು ಆ ಪಟ್ಟಿಯನ್ನು ಪಠ್ಯದ ಫೈಲ್ ಮಾಡಿಕೊಂಡು, ಮನೆಯಲ್ಲಿರುವ ಮಾತ್ರೆಗಳ ಸಂಖ್ಯೆಯನ್ನು ಆಕ್ ಮೂಲಕ ಹುಡುಕುತ್ತಾರೆ ಎಂದುಕೊಳ್ಳಿ. ಸಂಖ್ಯೆ 24.107 ಇರಲಿ. ಇದು ಉದಾಹರಣೆಗಾಗಿ ನಾವು ಕಟ್ಟಿಕೊಂಡ ಸಂಖ್ಯೆ. ಓದಲು ಸುಲಭವಾಗಲೆಂದು ಡಬ್ಬಿಯ ಹೆಸರನ್ನು ಇಲ್ಲಿ ಕನ್ನಡದಲ್ಲಿ ಬರೆದಿದ್ದೇವೆ. ನಿಜವಾಗಿ ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರ ಬಳಸಬೇಕು.

ಮೊದಲ ತಪ್ಪು: ಮೌಲ್ಯದ ಬದಲು ಹೆಸರನ್ನು ಹುಡುಕುವುದು

ಆಕ್‌ನಲ್ಲಿ ಪ್ಯಾಟರ್ನನ್ನು ಎರಡು ಓರೆಗೆರೆಗಳ ನಡುವೆ ಬರೆಯುತ್ತಾರೆ. ಹೊಸದಾಗಿ ಕಲಿತವರು ಹೀಗೆ ಬರೆಯುವುದು ಸಹಜ:

/ಬ್ಯಾಚ್/

ಆಕ್ ಇದನ್ನು ಡಬ್ಬಿ ಎಂದು ನೋಡುವುದೇ ಇಲ್ಲ. ಓರೆಗೆರೆಗಳ ನಡುವೆ ಇರುವುದೆಲ್ಲ ಅದಕ್ಕೆ ಬರೀ ಅಕ್ಷರ. ‘ಬ್ಯಾಚ್’ ಎಂಬ ಪದವೇ ಇರುವ ಸಾಲುಗಳನ್ನು ಅದು ಹುಡುಕುತ್ತದೆ. ಪಟ್ಟಿಯ ತಲೆಬರಹದಲ್ಲಿ ಆ ಪದ ಇದ್ದರೆ ಅದೊಂದು ಸಾಲು ಬರುತ್ತದೆ, 24.107 ಇರುವ ಸಾಲು ಬರುವುದಿಲ್ಲ.

ಇನ್ನು ಕೆಲವರು ಶೆಲ್‌ನ (ಆಜ್ಞೆ ಟೈಪ್ ಮಾಡುವ ಕಪ್ಪು ಪರದೆಯ) ಅಭ್ಯಾಸದಿಂದ ಡಾಲರ್ ಚಿಹ್ನೆ ಸೇರಿಸುತ್ತಾರೆ:

/$ಬ್ಯಾಚ್/

ಶೆಲ್‌ನಲ್ಲಿ ಡಾಲರ್ ಎಂದರೆ ‘ಡಬ್ಬಿಯೊಳಗಿನದನ್ನು ಕೊಡು’ ಎಂದರ್ಥ. ಆದರೆ ಆಕ್ ಸ್ಕ್ರಿಪ್ಟನ್ನು ಸಾಮಾನ್ಯವಾಗಿ ಒಂಟಿ ಉದ್ಧರಣ ಚಿಹ್ನೆಗಳೊಳಗೆ ಬರೆಯುತ್ತಾರೆ, ಅವುಗಳ ಒಳಗಿನದನ್ನು ಶೆಲ್ ಮುಟ್ಟುವುದಿಲ್ಲ. ಹಾಗೆಯೇ ಆಕ್‌ಗೆ ತಲುಪಿದ ಡಾಲರ್‌ಗೆ ಪ್ಯಾಟರ್ನ್ ಒಳಗೆ ಬೇರೆಯೇ ಅರ್ಥ: ಸಾಲಿನ ಕೊನೆ. ಅಂದರೆ ನಾವು ಆಕ್‌ಗೆ ಹೇಳಿದ್ದು ಇಷ್ಟು: “ಸಾಲು ಮುಗಿದ ಮೇಲೆ ‘ಬ್ಯಾಚ್’ ಎಂಬ ಪದ ಬರುವ ಸಾಲನ್ನು ಹುಡುಕು.” ಸಾಲು ಮುಗಿದ ಮೇಲೆ ಪದ ಬರುವುದು ಹೇಗೆ? ಇದು ಎಂದಿಗೂ ಈಡೇರದ ಷರತ್ತು. ಪಟ್ಟಿಯಲ್ಲಿ ಆ ಸಂಖ್ಯೆ ಹತ್ತು ಸಲ ಇದ್ದರೂ ಉತ್ತರ ಸೊನ್ನೆಯೇ.

ಯಂತ್ರದ ಕಣ್ಣಿಗೆ ಇದರಲ್ಲಿ ವ್ಯಾಕರಣ ದೋಷವಿಲ್ಲ, ಹಾಗಾಗಿ ಎಚ್ಚರಿಕೆಯೂ ಇಲ್ಲ. ನೋಡುವವರಿಗೆ ಮಾತ್ರ ‘ನಮ್ಮ ಮಾತ್ರೆ ಸುರಕ್ಷಿತ’ ಎಂಬ ತೀರ್ಪಿನಂತೆ ಕಾಣುತ್ತದೆ.

ಸರಿಯಾದ ದಾರಿ ಹೀಗಿದೆ. ಆಕ್ ಓಡಿಸುವಾಗ ಅಡ್ಡಗೆರೆಯ ಪಕ್ಕ ಇಂಗ್ಲಿಷಿನ ಸಣ್ಣ ‘ವಿ’ ಅಕ್ಷರ ಇರುವ ಆಯ್ಕೆಯಿಂದ ಡಬ್ಬಿಯನ್ನು ಒಳಗೆ ಕಳಿಸಬೇಕು. ಸ್ಕ್ರಿಪ್ಟಿನಲ್ಲಿ ಓರೆಗೆರೆ ಬಿಟ್ಟು ಅಲೆಗೆರೆ (ಟಿಲ್ಡೆ) ಬಳಸಬೇಕು:

$0 ~ ಬ್ಯಾಚ್

ಇಲ್ಲಿ $0 ಎಂದರೆ ಇಡೀ ಸಾಲು, ಅಲೆಗೆರೆ ಎಂದರೆ ‘ಹೊಂದುತ್ತದೆಯೇ’. ಈಗ ಆಕ್ ಡಬ್ಬಿಯನ್ನು ತೆರೆದು ಒಳಗಿನದನ್ನು ಪ್ಯಾಟರ್ನ್ ಆಗಿ ಬಳಸುತ್ತದೆ.

ಎಲ್ಲ ಭಾಷೆಗಳೂ ಒಂದೇ ರೀತಿ ಇಲ್ಲ ಎಂಬುದು ಗೊಂದಲವನ್ನು ಹೆಚ್ಚಿಸುತ್ತದೆ. ಪರ್ಲ್‌ನಲ್ಲಿ ಓರೆಗೆರೆಗಳ ನಡುವೆ ಡಾಲರ್ ಸಮೇತ ಹೆಸರು ಬರೆದರೆ ಮೌಲ್ಯವೇ ಬರುತ್ತದೆ. ಜಾವಾಸ್ಕ್ರಿಪ್ಟ್‌ನಲ್ಲಿ ಬರುವುದಿಲ್ಲ, ಪ್ಯಾಟರ್ನನ್ನು ಬೇರೆಯಾಗಿ ಕಟ್ಟಬೇಕು. ಒಂದು ಭಾಷೆಯ ರೂಢಿಯನ್ನು ಇನ್ನೊಂದಕ್ಕೆ ತಂದವರು ಎಡವುವುದು ಹೀಗೆ.

ತಿರುಗುಮುರುಗು ತಪ್ಪು: ಎಲ್ಲವೂ ಸಿಗುವುದು

ಡಬ್ಬಿಯ ಹೆಸರಿನಲ್ಲಿ ಒಂದು ಕಾಗುಣಿತ ತಪ್ಪಾದರೂ ಆಕ್ ಬೈಯುವುದಿಲ್ಲ. ಆ ಹೆಸರಿನ ಖಾಲಿ ಡಬ್ಬಿ ಇದೆ ಎಂದುಕೊಳ್ಳುತ್ತದೆ. ಖಾಲಿ ಪ್ಯಾಟರ್ನ್ ಯಾವುದೇ ಸಾಲಿಗೂ ಹೊಂದುತ್ತದೆ. ಪರಿಣಾಮ: ಪಟ್ಟಿಯ ಸಾವಿರ ಸಾಲುಗಳೂ ‘ಸಿಕ್ಕವು’. ಗ್ರೆಪ್‌ಗೆ ಹುಡುಕುವ ಪದಗಳನ್ನು ಒಂದು ಫೈಲಿನಿಂದ ಓದಿಸುವಾಗಲೂ ಹೀಗೆಯೇ. ಆ ಫೈಲಿನ ಕೊನೆಯಲ್ಲಿ ಒಂದು ಖಾಲಿ ಸಾಲು ಉಳಿದಿದ್ದರೆ ಎಲ್ಲ ಸಾಲೂ ಹೊಂದುತ್ತದೆ. “ಒಟ್ಟು 1000ರಲ್ಲಿ 1000 ಸಿಕ್ಕಿದೆ!” ಎಂಬ ಬೆಚ್ಚಿಬೀಳಿಸುವ ಫಾರ್ವರ್ಡ್ ಕಂಡಾಗ ಈ ಖಾಲಿ ಡಬ್ಬಿ ನೆನಪಾಗಲಿ.

ಎರಡನೇ ತಪ್ಪು: ಒಳಗಿನ ಚಿಹ್ನೆಗಳು ಬೇರೆ ಅರ್ಥ ಕೊಡುವುದು

ಡಬ್ಬಿ ತೆರೆಯಿತು, ಮೌಲ್ಯ ಸಿಕ್ಕಿತು. ಅಷ್ಟಕ್ಕೇ ಮುಗಿಯಲಿಲ್ಲ. 24.107ರಲ್ಲಿ ಒಂದು ಚುಕ್ಕೆ ಇದೆ. ಪ್ಯಾಟರ್ನ್ ಲೆಕ್ಕದಲ್ಲಿ ಅದು ‘ಯಾವುದಾದರೂ ಒಂದು ಅಕ್ಷರ’. ಹಾಗಾಗಿ 24-107 ಹೊಂದುತ್ತದೆ, 243107 ಕೂಡ ಹೊಂದುತ್ತದೆ. ಯಾರದೋ ಬ್ಯಾಚ್ ನಿಮ್ಮದಾಗಿ ಕಾಣುತ್ತದೆ.

ಆವರಣ ಚಿಹ್ನೆಯ ಆಟ ಇನ್ನೂ ವಿಚಿತ್ರ. ಪಟ್ಟಿಯಲ್ಲಿ ‘ಪ್ಯಾರಸಿಟಮಾಲ್ (500)’ ಎಂದು ಬರೆದಿದೆ. ನೀವು ಡಬ್ಬಿಯಲ್ಲಿಯೂ ಅಕ್ಷರಕ್ಕೆ ಅಕ್ಷರ ಅದನ್ನೇ ಇಟ್ಟು ಆಕ್‌ನಲ್ಲಿ ಹುಡುಕಿದರೆ ಸಿಗುವುದಿಲ್ಲ! ಪ್ಯಾಟರ್ನ್‌ನಲ್ಲಿ ಆವರಣ ಎಂದರೆ ‘ಇವನ್ನು ಒಂದು ಗುಂಪೆಂದು ನೋಡು’ ಎಂಬ ಸೂಚನೆ. ಹಾಗಾಗಿ ಆಕ್ ಹುಡುಕುವುದು ಆವರಣವೇ ಇಲ್ಲದ ‘ಪ್ಯಾರಸಿಟಮಾಲ್ 500’ ಎಂಬುದನ್ನು.

ಇದಕ್ಕೆ ಪರಿಹಾರಗಳಿವೆ:

• ಅಕ್ಷರಕ್ಕೆ ಅಕ್ಷರ ಹುಡುಕಬೇಕಿದ್ದರೆ ಪ್ಯಾಟರ್ನ್ ಬೇಡವೇ ಬೇಡ. ಆಕ್‌ನಲ್ಲಿ ‘ಇಂಡೆಕ್ಸ್’ ಎಂಬ ಫಂಕ್ಷನ್ ಇದೆ, ಗ್ರೆಪ್‌ನಲ್ಲಿ ಅಡ್ಡಗೆರೆಯ ಪಕ್ಕ ದೊಡ್ಡ ‘ಎಫ್’ ಅಕ್ಷರದ ಆಯ್ಕೆ ಇದೆ. ಇವು ಚುಕ್ಕೆಯನ್ನು ಚುಕ್ಕೆಯಾಗಿಯೇ ನೋಡುತ್ತವೆ.

• ಪ್ಯಾಟರ್ನ್ ಬೇಕೇ ಬೇಕಿದ್ದರೆ ಚುಕ್ಕೆಯನ್ನು ಚೌಕ ಆವರಣದಲ್ಲಿ ಇಡಿ: 24[.]107. ಹಿಂದೋರೆ ಗೆರೆ ಹಾಕಿ 24\.107 ಎಂದು ಬರೆಯುವ ರೂಢಿಯೂ ಇದೆ. ಆದರೆ ‘ವಿ’ ಆಯ್ಕೆಯಿಂದ ಕಳಿಸುವಾಗ ಆಕ್ ಒಂದು ಹಿಂದೋರೆಯನ್ನು ಮೊದಲೇ ನುಂಗಿಬಿಡುತ್ತದೆ, ಆಗ ಎರಡು ಹಾಕಬೇಕು. ಚೌಕ ಆವರಣದಲ್ಲಿ ಈ ಕಿರಿಕಿರಿ ಇಲ್ಲ.

• ಪೈಥಾನ್‌ನಲ್ಲಿ ‘ಎಸ್ಕೇಪ್’ ಎಂಬ ಸಿದ್ಧ ಫಂಕ್ಷನ್ ಮೌಲ್ಯದೊಳಗಿನ ಎಲ್ಲ ಚಿಹ್ನೆಗಳ ವಿಶೇಷ ಅರ್ಥವನ್ನು ಕಳೆಯುತ್ತದೆ.

• ಸಂಖ್ಯೆಯ ಒಳಗೆ ಸಂಖ್ಯೆ ಅಡಗಿರುತ್ತದೆ. 24107 ಎಂದು ಹುಡುಕಿದರೆ 2241073 ಕೂಡ ಸಿಗುತ್ತದೆ. ಒಂದು ಕಾಲಮ್ ಪೂರ್ತಿ ಹೊಂದಬೇಕಿದ್ದರೆ == ಎಂಬ ಸಮ ಚಿಹ್ನೆ ಬಳಸಿ. ಇಲ್ಲೂ ಒಂದು ಎಚ್ಚರಿಕೆ ಬೇಕು. ಎರಡೂ ಕಡೆ ಸಂಖ್ಯೆಯಂತೆ ಕಂಡರೆ ಆಕ್ ಬೆಲೆಯನ್ನು ಹೋಲಿಸುತ್ತದೆ. 24.10 ಮತ್ತು 24.1 ಅದಕ್ಕೆ ಒಂದೇ, 007 ಮತ್ತು 7 ಕೂಡ ಒಂದೇ. ಬ್ಯಾಚ್ ಸಂಖ್ಯೆಗೆ ಇದು ತಪ್ಪು. ಡಬ್ಬಿಯ ಹೆಸರಿನ ಪಕ್ಕ "" ಎಂದು ಖಾಲಿ ಪಠ್ಯ ಸೇರಿಸಿದರೆ ಆಕ್ ಅಕ್ಷರವಾಗಿ ಹೋಲಿಸುತ್ತದೆ.

ಮೂರನೇ ತಪ್ಪು: ಕಣ್ಣಿಗೆ ಒಂದೇ, ಯಂತ್ರಕ್ಕೆ ಬೇರೆ

ಕನ್ನಡದ ಪಠ್ಯ ಹುಡುಕುವವರಿಗೆ ಇದೇ ದೊಡ್ಡ ತಲೆನೋವು. ಡಬ್ಬಿಯಲ್ಲಿರುವ ಪದ ಮತ್ತು ಪಟ್ಟಿಯಲ್ಲಿರುವ ಪದ ಪರದೆಯ ಮೇಲೆ ಅವಳಿಗಳಂತೆ ಕಂಡರೂ ಒಳಗೆ ಬೇರೆಬೇರೆ ಇರಬಹುದು.

ಯೂನಿಕೋಡ್‌ನಲ್ಲಿ ನಮ್ಮ ಅಕ್ಷರ ತುಂಡುಗಳಿಂದ ಕೂಡಿದ್ದು. ‘ಕಿ’ ಎಂದರೆ ಕ ಮತ್ತು ಗುಡಿಸು, ಎರಡು ತುಂಡು. ‘ಸ್ತ್ರೀ’ ಬರೆಯಲು ಆರು ತುಂಡು ಬೇಕು. ಪ್ಯಾಟರ್ನ್‌ನ ಒಂದು ಚುಕ್ಕೆ ಹೊಂದುವುದು ಇಡೀ ಅಕ್ಷರಕ್ಕಲ್ಲ, ಒಂದು ತುಂಡಿಗೆ. ಆಕ್‌ನ ಕೆಲವು ಆವೃತ್ತಿಗಳು ಬೈಟ್ ಲೆಕ್ಕದಲ್ಲಿ ಓಡುತ್ತವೆ. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ತುಂಡಿಗೂ ಮೂರು ಬೈಟ್ ಬೇಕು, ಅಲ್ಲಿ ಚುಕ್ಕೆ ಹೊಂದುವುದು ತುಂಡಿನ ಮೂರನೇ ಒಂದು ಭಾಗಕ್ಕೆ. ಮೂಲ ಆಕ್‌ಗೆ ಯುಟಿಎಫ್-8 ತಿಳಿಯುವಂತೆ ಬ್ರಯಾನ್ ಕೆರ್ನಿಘನ್ ತಾವೇ ಕೋಡ್ ಸೇರಿಸಿದ್ದು 2022ರಲ್ಲಿ, ಅದು ಹುಟ್ಟಿ 45 ವರ್ಷಗಳಾದ ಮೇಲೆ.

ಇನ್ನು ‘ಕೋ’ ನೋಡಿ. ಕ ಮತ್ತು ಓತ್ವದ ಒಂದೇ ಚಿಹ್ನೆ ಸೇರಿಸಿ ಬರೆಯಬಹುದು. ಎತ್ವ, ಕೊಂಬಿನ ದೀರ್ಘ, ಮುಂದಿನ ದೀರ್ಘದ ಗುರುತು ಎಂದು ಮೂರು ಚಿಹ್ನೆ ಸೇರಿಸಿಯೂ ಬರೆಯಬಹುದು. ಎರಡೂ ಒಂದೇ ಎಂಬುದು ಯೂನಿಕೋಡ್‌ನ ನಿಯಮ. ಆದರೆ ಆಕ್ ಅಥವಾ ಗ್ರೆಪ್ ಆ ನಿಯಮವನ್ನು ತಾನಾಗಿ ಅನ್ವಯಿಸುವುದಿಲ್ಲ. ಒಂದು ರೂಪದ ‘ಕೋವಿಡ್’ ಹುಡುಕಿದರೆ ಇನ್ನೊಂದು ರೂಪದ ‘ಕೋವಿಡ್’ ಸಿಗುವುದಿಲ್ಲ. ಹುಡುಕುವ ಮೊದಲು ಪಟ್ಟಿಯನ್ನೂ ಪದವನ್ನೂ ಒಂದೇ ರೂಪಕ್ಕೆ ತರಬೇಕು. ಇದಕ್ಕೆ ನಾರ್ಮಲೈಸೇಶನ್ ಎನ್ನುತ್ತಾರೆ, ಪೈಥಾನ್‌ನಲ್ಲಿ ಇದಕ್ಕೆ ಸಿದ್ಧ ಸೌಲಭ್ಯವಿದೆ.

ಇದೇ ಗುಂಪಿಗೆ ಸೇರುವ ಇನ್ನಷ್ಟು:

• ಕಾಣದ ಅಕ್ಷರ: ‘ಬ್ಯಾಂಕ್’ ಪದದ ಕೊನೆಯಲ್ಲಿ ಒತ್ತಕ್ಷರ ತಡೆಯಲು ಹಾಕಿದ ಶೂನ್ಯ ಅಗಲದ ಗುರುತು ಉಳಿದಿರಬಹುದು. ಕಣ್ಣಿಗೆ ಕಾಣದು, ಯಂತ್ರಕ್ಕೆ ಕಾಣುತ್ತದೆ. ವಿಂಡೋಸ್‌ನಲ್ಲಿ ಉಳಿಸಿದ ಪಟ್ಟಿಯ ಪ್ರತಿ ಸಾಲಿನ ಕೊನೆಯಲ್ಲೂ ‘ಕ್ಯಾರೇಜ್ ರಿಟರ್ನ್’ ಎಂಬ ಕಾಣದ ಗುರುತು ಇರುತ್ತದೆ. ಅದು ಸಂಖ್ಯೆಯ ಜೊತೆ ಡಬ್ಬಿಯೊಳಗೆ ಸೇರಿಕೊಂಡರೆ ಹುಡುಕಾಟ ಕೆಡುತ್ತದೆ.

• ಅಂಕಿ: ೨೪ ಬೇರೆ, 24 ಬೇರೆ.

• ವಿಭಕ್ತಿ: ‘ಬೆಂಗಳೂರು’ ಎಂದು ಹುಡುಕಿದರೆ ‘ಬೆಂಗಳೂರಿನಲ್ಲಿ’ ಸಿಗುವುದಿಲ್ಲ, ಕೊನೆಯ ಕೊಂಬು ಗುಡಿಸಾಗಿದೆ. ‘ಬೆಂಗಳೂರ’ ಎಂದು ಹುಡುಕಿದರೆ ಎರಡೂ ಸಿಗುತ್ತವೆ. ಇದಕ್ಕೆ ವಿರುದ್ಧವಾಗಿ ‘ಮರ’ ಹುಡುಕಿದರೆ ‘ಅಮರ’, ‘ಸಮರ’ ಕೂಡ ಬಂದು ಕೂರುತ್ತವೆ.

• ಹಳೆಯ ಫಾಂಟ್: ಯೂನಿಕೋಡ್ ಅಲ್ಲದ ಹಳೆಯ ನುಡಿ, ಬರಹ ಫಾಂಟುಗಳ ಫೈಲಿನಲ್ಲಿ ಕನ್ನಡ ಇರುವುದು ಫಾಂಟಿನ ವೇಷದಲ್ಲಿ ಮಾತ್ರ, ಒಳಗೆ ಇರುವುದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳು. ಯೂನಿಕೋಡ್ ಪದ ಹಿಡಿದು ಹುಡುಕಿದರೆ ಅಲ್ಲಿ ಒಂದೂ ಸಿಗದು.

• ಸ್ಕ್ಯಾನ್ ಮಾಡಿದ ಪಿಡಿಎಫ್: ಅದರಲ್ಲಿ ಇರುವುದು ಪುಟದ ಚಿತ್ರ, ಪಠ್ಯವಲ್ಲ. ಚಿತ್ರದಿಂದ ಪಠ್ಯ ತೆಗೆಯದೆ ಹುಡುಕಿದರೆ ಉತ್ತರ ಯಾವಾಗಲೂ ಸೊನ್ನೆ.

ಹಾಗಾದರೆ ಸೊನ್ನೆಯನ್ನು ನಂಬುವುದು ಯಾವಾಗ?

ಪ್ರಯೋಗಾಲಯದಲ್ಲಿ ರೋಗಿಯ ಮಾದರಿಯ ಜೊತೆಗೆ, ರೋಗ ಇದೆಯೆಂದು ಮೊದಲೇ ಗೊತ್ತಿರುವ ಒಂದು ಮಾದರಿಯನ್ನೂ ಪರೀಕ್ಷಿಸುತ್ತಾರೆ. ಅದು ‘ಇಲ್ಲ’ ಎಂದು ಬಂದರೆ ಕೆಟ್ಟಿರುವುದು ಪರೀಕ್ಷೆ ಎಂದು ತಿಳಿಯುತ್ತದೆ. ಹುಡುಕಾಟಕ್ಕೂ ಇದೇ ಉಪಾಯ ಸಾಕು.

1. ಇರುವುದನ್ನು ಹುಡುಕಿ. ಪಟ್ಟಿಯನ್ನು ತೆರೆದು, ಕಣ್ಣಾರೆ ಕಂಡ ಒಂದು ಸಂಖ್ಯೆಯನ್ನು ಅದೇ ಡಬ್ಬಿಯಲ್ಲಿಟ್ಟು ಅದೇ ಸ್ಕ್ರಿಪ್ಟ್ ಓಡಿಸಿ. ಅದು ಸಿಗದಿದ್ದರೆ ಹಿಂದಿನ ಸೊನ್ನೆಗೆ ಬೆಲೆಯಿಲ್ಲ. ಆ ಸಂಖ್ಯೆಯಲ್ಲಿ ಚುಕ್ಕೆ ಅಥವಾ ಆವರಣ ಇದ್ದರೆ ಇನ್ನೂ ಒಳ್ಳೆಯದು.

2. ಇಲ್ಲದ್ದನ್ನು ಹುಡುಕಿ. ಎಲ್ಲೂ ಇರಲಾರದ ಒಂದು ಪದವನ್ನು ಕೊಟ್ಟು ನೋಡಿ. ಅದೂ ‘ಸಿಕ್ಕಿತು’ ಎಂದರೆ ಡಬ್ಬಿ ಖಾಲಿ ಇದೆ.

3. ಡಬ್ಬಿ ತೆರೆದು ನೋಡಿ. ಹುಡುಕುವ ಮೊದಲು ಮೌಲ್ಯವನ್ನು ಚೌಕ ಆವರಣಗಳ ನಡುವೆ ಪರದೆಗೆ ಮುದ್ರಿಸಿ. [24.107] ಎಂದು ಬರಬೇಕು. [] ಎಂದು ಬಂದರೆ ಖಾಲಿ, [24.107 ] ಎಂದು ಬಂದರೆ ಕೊನೆಯಲ್ಲಿ ಜಾಗ ಉಳಿದಿದೆ.

4. ಎಷ್ಟು ಸಾಲು ಓದಿತು ಎಂದು ಎಣಿಸಿ. ಫೈಲ್ ಖಾಲಿಯಿದ್ದರೂ ಉತ್ತರ ಸೊನ್ನೆಯೇ.

ಈ ನಾಲ್ಕಕ್ಕೂ ಸೇರಿ ಎರಡು ನಿಮಿಷ ಸಾಕು.

ಸ್ಕ್ರಿಪ್ಟ್ ಬರೆಯದವರು ಏನು ಮಾಡಬೇಕು?

ಗುಂಪಿಗೆ ಬಂದ ‘ಹುಡುಕಿದೆವು’ ಸಂದೇಶವನ್ನು ತಳ್ಳುವ ಮೊದಲು ಕಳಿಸಿದವರನ್ನು ಮೂರು ಪ್ರಶ್ನೆ ಕೇಳಿ. ಪಟ್ಟಿ ಎಲ್ಲಿಯದು, ಯಾವ ತಿಂಗಳದ್ದು? ಹುಡುಕಿದ್ದು ಏನನ್ನು, ಹೆಸರನ್ನೋ ಸಂಖ್ಯೆಯನ್ನೋ? ಪಟ್ಟಿಯಲ್ಲಿ ಇದ್ದೇ ಇರುವ ಒಂದು ಹೆಸರನ್ನು ಅದೇ ವಿಧಾನದಲ್ಲಿ ಹುಡುಕಿದಾಗ ಸಿಕ್ಕಿತೇ? ಮೂರನೆಯದಕ್ಕೆ ಉತ್ತರ ಇಲ್ಲದಿದ್ದರೆ ಆ ಸ್ಕ್ರೀನ್‌ಶಾಟ್ ಏನನ್ನೂ ಸಾಬೀತು ಮಾಡುವುದಿಲ್ಲ.

ಔಷಧದ ವಿಷಯವಾದರೆ ಮಾತ್ರೆಯ ಪಟ್ಟಿ (ಸ್ಟ್ರಿಪ್) ಹಿಡಿದುಕೊಂಡು ಔಷಧದಂಗಡಿಯವರನ್ನೋ ವೈದ್ಯರನ್ನೋ ಕೇಳಿ. ಫಾರ್ವರ್ಡ್‌ನಲ್ಲಿ ‘ಸಿಕ್ಕಿತು’ ಎಂದು ಬಿಪಿ, ಸಕ್ಕರೆ ಕಾಯಿಲೆಯ ಮಾತ್ರೆ ನಿಲ್ಲಿಸಬೇಡಿ. ‘ಸಿಗಲಿಲ್ಲ’ ಎಂದು ಅನುಮಾನ ಇರುವ ಮಾತ್ರೆಯನ್ನು ನುಂಗಲೂ ಬೇಡಿ. ಮತದಾರರ ಪಟ್ಟಿಯಾದರೆ ಚುನಾವಣಾ ಆಯೋಗದ ಜಾಲತಾಣದಲ್ಲಿ ನಿಮ್ಮ ಗುರುತಿನ ಚೀಟಿಯ ಸಂಖ್ಯೆಯಿಂದ ನೀವೇ ನೋಡಬಹುದು. ಹೆಸರಿನ ಕಾಗುಣಿತ ಬೇರೆಯಾದರೂ ಸಂಖ್ಯೆ ಬದಲಾಗದು.

ಚುಟುಕಾಗಿ

ಹೇಳಿಕೆ: ಕಂಪ್ಯೂಟರ್ ಹುಡುಕಿ ಸೊನ್ನೆ ತೋರಿಸಿದರೆ ಆ ವಿಷಯ ಪಟ್ಟಿಯಲ್ಲಿ ಇಲ್ಲ.

ವಾಸ್ತವ: ಸೊನ್ನೆ ಹೇಳುವುದು ‘ನೀವು ಬರೆದುಕೊಟ್ಟ ಪ್ಯಾಟರ್ನ್‌ಗೆ ಯಾವ ಸಾಲೂ ಹೊಂದಲಿಲ್ಲ’ ಎಂದಷ್ಟೇ. ಪ್ಯಾಟರ್ನ್‌ಗೆ ವೇರಿಯಬಲ್‌ನ ಹೆಸರು ಹೋಯಿತೋ ಮೌಲ್ಯ ಹೋಯಿತೋ, ಮೌಲ್ಯದೊಳಗಿನ ಚುಕ್ಕೆ ಆವರಣಗಳು ಏನಾದವು, ಕನ್ನಡದ ಅಕ್ಷರ ಎರಡೂ ಕಡೆ ಒಂದೇ ರೂಪದಲ್ಲಿ ಇದ್ದವೋ ಎಂಬುದನ್ನು ನೋಡದೆ ‘ಇಲ್ಲ’ ಎಂದು ತೀರ್ಮಾನಿಸುವಂತಿಲ್ಲ. ಇರುವುದನ್ನು ಹುಡುಕಿ ತೋರಿಸಿದ ಸ್ಕ್ರಿಪ್ಟ್ ಮಾತ್ರ ಇಲ್ಲದ್ದನ್ನು ‘ಇಲ್ಲ’ ಎನ್ನಲು ಅರ್ಹ.